ಮೊಣಕಾಲಿನ ಬಾಣಂತನ

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬರುವ ಅಮ್ಮಂದಿರು ನಮ್ಮ ಶಿವಮೊಗ್ಗದಲ್ಲಿ ಈಗ ಬೀದಿಗೊಬ್ಬರಾದರೂ ಸಿಗುತ್ತಾರೆ. ಅಂಟಿನುಂಡೆ, ಮೆಂತ್ಯದ ಪುಡಿ, ಬಜೆಯ ಬೇರು ಎಲ್ಲವನ್ನೂ ಕಟ್ಟಿಕೊಂಡು ಹೋಗಿ, ಆರು ತಿಂಗಳು ಎಳೆಗೂಸಿಗೆ ಎಣ್ಣೆ ತಿಕ್ಕಿ, ನಯಾಗರದ ಮುಂದೆ ನಿಂತ ಫೋಟೋದೊಂದಿಗೆ ಹಿಂತಿರುಗುತ್ತಾರೆ. ನಾನೂ ಹೋಗಿಬಂದೆ. ಆದರೆ ನಾನು ಮಾಡಿದ್ದು ಮಗಳ ಮೊಣಕಾಲಿನ ಬಾಣಂತನ.

ರಜಾ ಅರ್ಜಿ ಹಿಡಿದು ಮುಖ್ಯೋಪಾಧ್ಯಾಯಿನಿಯವರ ಮುಂದೆ ನಿಂತಾಗ ಅವರು ಕನ್ನಡಕದ ಮೇಲಿಂದ ನೋಡಿ, "ಮಗುವಾ ಮೇಡಂ? ಹೇಳಲೇ ಇಲ್ಲವಲ್ಲ!" ಎಂದರು. "ಮಗು ಅಲ್ಲ ಮೇಡಂ, ಮಂಡಿ" ಎಂದೆ. ಪರೀಕ್ಷೆ ಹತ್ತಿರ ಬರುತ್ತಿದ್ದ ಕಾಲ. ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪಾಠಗಳನ್ನು ಬೇಗಬೇಗ ಮುಗಿಸಿ, ಉಳಿದದ್ದನ್ನು ಜೊತೆಯ ಶಿಕ್ಷಕಿಯೊಬ್ಬರ ತಲೆಗೆ ಕಟ್ಟಿ ವಿಮಾನ ಹತ್ತಿದೆ. ಹಿಂದೊಮ್ಮೆ ಹೋಗಿಬಂದಿದ್ದರಿಂದ ವೀಸಾ ಇತ್ತು, ಅದೊಂದು ಪುಣ್ಯ.

ಮಗಳು ಇರುವುದು ಕೊಲರಾಡೊ ರಾಜ್ಯದ ಡೆನ್ವರಿನಲ್ಲಿ. ಕಂಪ್ಯೂಟರ್ ಕೆಲಸ. ಶಾಲೆಯಲ್ಲಿದ್ದಾಗ ಪಿ.ಟಿ. ಪೀರಿಯಡ್ ಬಂದರೆ ಸಾಕು, ಹೊಟ್ಟೆನೋವು ಎಂದು ಮೂಲೆ ಹಿಡಿಯುತ್ತಿದ್ದ ಹುಡುಗಿ ಇವಳು. ಖೊಖೊ ಆಡಿಸಿದರೆ ಕೂತಲ್ಲಿಂದ ಏಳುತ್ತಿರಲಿಲ್ಲ. ಅಂಥವಳನ್ನು ಅಲ್ಲಿ ಪಕ್ಕದ ಮನೆಯವರು ಒಂದು ಚಳಿಗಾಲದಲ್ಲಿ ಹಿಮದ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಕಾಲಿಗೆ ಸ್ಕೀ ಪಟ್ಟಿ ಕಟ್ಟಿಸಿದರು. ಅಷ್ಟೇ. ಆಮೇಲೆ ಶನಿವಾರ ಬಂದರೆ ಫೋನಿಗೇ ಸಿಗುತ್ತಿರಲಿಲ್ಲ. "ಅತ್ತೆ, ಅವಳು ಬೆಟ್ಟದ ಮೇಲಿದಾಳೆ" ಎಂದು ಅಳಿಯಂದಿರು ಹೇಳುವುದು ರೂಢಿಯಾಯಿತು. ಅವರು ಹಾಸನದ ಕಡೆಯವರು, ಸಮಾಧಾನಿ. ತಾವು ಕೆಳಗೆ ಹೋಟೆಲಿನ ಗಾಜಿನ ಹಿಂದೆ ಕಾಫಿ ಕುಡಿಯುತ್ತ ಕೂರುವ ಪೈಕಿ.

ಜನವರಿಯಲ್ಲಿ ಬಿದ್ದಳು. ಮಂಡಿಯೊಳಗಿನ ಲಿಗಮೆಂಟ್ ಹರಿದು ಆಪರೇಷನ್ ಆಯಿತು. ನಾನು ಹೋಗಿ ತಲುಪುವಾಗ ಎರಡು ಊರುಗೋಲಿನ ನಡುವೆ ನೇತಾಡುತ್ತ ಬಾಗಿಲು ತೆಗೆದಳು. ಪೂರ್ತಿ ಸರಿಹೋಗಲು ಒಂಬತ್ತು ತಿಂಗಳು ಬೇಕೆಂದರು. ಬಾಣಂತನ ಎಂದು ನಾನು ಸುಮ್ಮನೆ ಹೇಳಲಿಲ್ಲ.

ವಿಮಾನದಲ್ಲಿ ಉದ್ದಕ್ಕೂ ನಾನು ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಅದೇನು ಕಷ್ಟದ ಕೆಲಸವಲ್ಲ. ಮನೆಯ ಸಾಲವಿದೆ, ನೌಕರಿಯಿದೆ, ಒಂದು ಮಗು ಆಗಬೇಕಾದ ವಯಸ್ಸು. ಸುಮ್ಮನೆ ಜಾರುವುದು ಸಾಲದೆಂದು ಕಂಬಗಳ ನಡುವೆ ಓಟದ ಪಂದ್ಯಕ್ಕೆ ಇಳಿ ಎಂದು ನಿನಗೆ ಯಾರು ಹೇಳಿದರು? ಹೀಗೆ. ಊರುಗೋಲು ನೋಡಿದ ಮೇಲೆ ಭಾಷಣ ಗಂಟಲಲ್ಲೇ ಉಳಿಯಿತು. ತಿಳಿಸಾರು ಮಾಡಿ ಹಾಕಿದೆ.

ಮೂರನೆಯದೋ ನಾಲ್ಕನೆಯದೋ ರಾತ್ರಿ. ಮಂಡಿಗೆ ಐಸ್ ಇಡುವ ಹೊತ್ತಾಯಿತೆಂದು ಎದ್ದು ಹೋದರೆ, ಕಂಬಳಿಯೊಳಗೆ ಬೆಳಕು. ಫೋನಿನಲ್ಲಿ ತನ್ನದೇ ಓಟದ ವಿಡಿಯೋ ನೋಡುತ್ತಿದ್ದಳು. ಹಿಂದೆ ತಿರುಗಿಸಿ, ನಿಧಾನ ಮಾಡಿ, ಮತ್ತೆ ಮತ್ತೆ. ಬದಿಯಲ್ಲಿ ಒಂದು ಪುಟ್ಟ ನೋಟ್‌ಬುಕ್ಕು. ಅದರಲ್ಲಿ ತಾರೀಖು ಹಾಕಿ ಬರೆದ ಅಂಕಿಗಳು: 94, 81, 77. ನನಗೆ ಎದೆ ಧಸಕ್ಕೆಂದಿತು. ನಮ್ಮ ಮನೆಯವರೂ ಹೀಗೇ ತಾರೀಖು ಹಾಕಿ ಸಕ್ಕರೆಯ ಅಂಕಿ ಬರೆದಿಡುತ್ತಾರೆ. "ಯಾವಾಗಿಂದ ಇದು? ನನಗೇಕೆ ಹೇಳಲಿಲ್ಲ?" ಎಂದೆ. ಮಗಳು ನಕ್ಕ ನಗೆಗೆ ಅಳಿಯಂದಿರು ಎದ್ದುಬಂದರು.

ಆ ಅಂಕಿಗಳ ಕಥೆಯನ್ನು ಅವರೇ ಬೆಳಿಗ್ಗೆ ವಿವರಿಸಿದರು. ಅಮೆರಿಕದಲ್ಲಿ 1968ರಿಂದ ನಾಸ್ಟಾರ್ ಎಂಬ ಒಂದು ಏರ್ಪಾಡು ಇದೆ. ಸ್ಕೀ ಪತ್ರಿಕೆಯೊಂದರ ಸಂಪಾದಕರಾಗಿದ್ದ ಜಾನ್ ಫ್ರೈ ಎಂಬುವರ ತಲೆಯಲ್ಲಿ ಹುಟ್ಟಿದ್ದು. ಬೆಟ್ಟದ ಒಂದು ಇಳಿಜಾರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಗೇಟು ನೆಟ್ಟಿರುತ್ತಾರೆ. ಯಾರು ಬೇಕಾದರೂ ಸ್ವಲ್ಪ ಹಣ ಕಟ್ಟಿ ಅದರ ನಡುವೆ ಜಾರಿಕೊಂಡು ಬರಬಹುದು. ಕೆಳಗೆ ಗಡಿಯಾರ. ವಿಶೇಷವೇನೆಂದರೆ, ದೇಶದ ಅತಿ ವೇಗದ ಓಟಗಾರರ ವೇಗವನ್ನು ಸೊನ್ನೆಯೆಂದು ಇಟ್ಟುಕೊಂಡು, ನೀವು ಅವರಿಗಿಂತ ನೂರಕ್ಕೆ ಎಷ್ಟು ಪಾಲು ನಿಧಾನ ಎಂಬುದನ್ನು ಲೆಕ್ಕಹಾಕಿ ಕೊಡುತ್ತಾರೆ. ಅವರು ಇಪ್ಪತ್ತು ಸೆಕೆಂಡಿನಲ್ಲಿ ಇಳಿಯುವ ಕಡೆ ನೀವು ನಲವತ್ತು ತೆಗೆದುಕೊಂಡರೆ ನಿಮ್ಮ ಅಂಕಿ 100. ಯಾವ ಬೆಟ್ಟದಲ್ಲಿ ಇಳಿದರೂ ಈ ಅಳತೆ ಒಂದೇ. ವಯಸ್ಸಿಗೆ ತಕ್ಕಂತೆ, ಗಂಡಸರಿಗೆ ಬೇರೆ ಹೆಂಗಸರಿಗೆ ಬೇರೆ ಪದಕಗಳೂ ಉಂಟು.

ಲೆಕ್ಕದ ಮೇಷ್ಟರುಗಳು ಮೆಚ್ಚುವ ಏರ್ಪಾಡು. ಆದರೆ ನನಗೆ ಅದರಲ್ಲಿ ಒಂದು ಚೂರು ಕುತಂತ್ರವೂ ಕಂಡಿತು. ವಾರವಿಡೀ ಕಂಪ್ಯೂಟರಿನ ಮುಂದೆ ಕೂರುವ ಹೆಣ್ಣುಮಗಳಿಗೆ, ನೀನೂ ಒಲಿಂಪಿಕ್ಸಿನವರೂ ಒಂದೇ ಏಣಿಯ ಮೇಲಿದ್ದೀರಿ, ನೀನು ಕೆಳಗಿನ ಮೆಟ್ಟಿಲಿನಲ್ಲಿದ್ದೀಯ ಅಷ್ಟೇ ಎಂದು ಹೇಳಿದ ಹಾಗಾಯಿತಲ್ಲ! 94ರಿಂದ 81ಕ್ಕೆ ಇಳಿದವಳು 77ಕ್ಕೆ ಇಳಿದೇ ಇಳಿಯುತ್ತಾಳೆ. 77 ಬಂದ ಮೇಲೆ ಸುಮ್ಮನೆ ಕೂರುತ್ತಾಳೆಯೇ? ಅದನ್ನು ಇನ್ನಷ್ಟು ಇಳಿಸಲು ಹೋಗಿಯೇ ಇವಳು ಮಂಡಿ ಮುರಿದುಕೊಂಡದ್ದು.

ಅಂದು ಊಟದ ಹೊತ್ತಿಗೆ ನೇರವಾಗಿ ಕೇಳಿಬಿಟ್ಟೆ. "ನಿಜ ಹೇಳು ಪುಟ್ಟಿ, ನಿನಗೆ ಒಳಗೊಳಗೇ ಇದರಲ್ಲೇ ದೊಡ್ಡ ಆಟಗಾರ್ತಿ ಆಗಬೇಕು, ಕಂಪನಿಯವರು ಬಟ್ಟೆಬರೆ ಕೊಟ್ಟು ಸಾಕಬೇಕು ಅಂತೆಲ್ಲ ಆಸೆ ಇದೆಯಾ?"

"ಅಮ್ಮಾ! ನನಗೀಗ ಮೂವತ್ತೊಂದು. ಇಲ್ಲಿ ಮೂರು ವರ್ಷಕ್ಕೇ ಕಾಲಿಗೆ ಸ್ಕೀ ಕಟ್ಟಿಸ್ತಾರೆ. ನಾನು ಖುಷಿಗೆ ಹೋಗ್ತೀನಿ, ಅಷ್ಟೇ" ಎಂದಳು. ಹೇಳಿದ ರೀತಿ ಸ್ವಲ್ಪ ಬೇಗವಾಯಿತು. ತರಗತಿಯಲ್ಲಿ ಕಾಪಿ ಹೊಡೆದಿಲ್ಲ ಟೀಚರ್ ಎಂದು ಹೇಳುವ ಮಕ್ಕಳ ಬೇಗ ಅದು. ನಾನು ಸುಮ್ಮನಾದೆ.

ಮನೆಯೊಳಗೇ ಕೂತ ಆ ದಿನಗಳಲ್ಲಿ ಈ ಆಟದ ಬಗ್ಗೆ ನಾನು ಓದಿದಷ್ಟು ಬಿ.ಎಡ್. ಪರೀಕ್ಷೆಗೂ ಓದಿರಲಿಲ್ಲ. ಈಗ ಹಣೆಯ ಮೇಲೆ, ಎದೆಯ ಮೇಲೆ ಕಂಪನಿಗಳ ಹೆಸರು ಅಂಟಿಸಿಕೊಂಡವರೇ ದೊಡ್ಡವರು. ಹಿಂದೆ ಅದೇ ಪಾಪವಾಗಿತ್ತು! 1972ರಲ್ಲಿ ಜಪಾನಿನ ಸಪ್ಪೊರೊದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯುವಾಗ ಆಸ್ಟ್ರಿಯಾದ ಕಾರ್ಲ್ ಶ್ರಾನ್ಸ್ ಎಂಬ ಹೆಸರಾಂತ ಸ್ಕೀಗಾರನನ್ನು, ನೀನು ಕಂಪನಿಗಳ ಪ್ರಚಾರಕ್ಕೆ ನಿನ್ನ ಹೆಸರು ಕೊಟ್ಟವನು, ಶುದ್ಧ ಹವ್ಯಾಸಿಯಲ್ಲ ಎಂದು ಆಟ ಶುರುವಾಗುವ ಮೊದಲೇ ಹೊರಗೆ ಹಾಕಿದರು. ಆಗ ಅವನಿಗೆ 33 ವರ್ಷ, ಅದೇ ಕೊನೆಯ ಅವಕಾಶ. ವಿಯೆನ್ನಾಕ್ಕೆ ಹಿಂತಿರುಗಿದಾಗ ಬೀದಿ ತುಂಬ ಜನ ಸೇರಿ ಗೆದ್ದವನನ್ನು ಬರಮಾಡಿಕೊಳ್ಳುವಂತೆ ಬರಮಾಡಿಕೊಂಡರಂತೆ. ಹೊರಗೆ ಹಾಕಿದ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಸ್ವತಃ ಷಿಕಾಗೊದಲ್ಲಿ ಕಟ್ಟಡಗಳನ್ನು ಕಟ್ಟಿಸಿ ಕೋಟ್ಯಧೀಶನಾದವನು. ಹೊಟ್ಟೆ ತುಂಬಿದವರಿಗೆ ಉಪವಾಸದ ಮಹಿಮೆ ಚೆನ್ನಾಗಿ ಗೊತ್ತಿರುತ್ತದೆ.

ಈಗ ಅದೆಲ್ಲ ಹೋಗಿದೆ. ಮಗಳ ಹೆಲ್ಮೆಟ್ಟಿನ ಮೇಲೂ ಏಳೆಂಟು ಕಂಪನಿಗಳ ಚೀಟಿ ಅಂಟಿವೆ. "ಇವರೆಲ್ಲ ನಿನಗೆ ದುಡ್ಡು ಕೊಡ್ತಾರಾ?" ಎಂದರೆ, "ಇಲ್ಲಮ್ಮ, ಅಂಗಡಿಯಲ್ಲಿ ಸಾಮಾನು ಕೊಂಡಾಗ ಸ್ಟಿಕ್ಕರ್ ಕೊಡ್ತಾರೆ, ಎಲ್ಲರೂ ಅಂಟಿಸಿಕೊಳ್ತಾರೆ" ಎಂದಳು. ಅವಳ ಗೆಳತಿಯೊಬ್ಬಳು ಒಂದು ಸ್ಕೀ ಅಂಗಡಿಯ 'ರಾಯಭಾರಿ'. ಅಂದರೆ ಅಂಗಡಿಯವರು ಸಾಮಾನಿನ ಬೆಲೆಯಲ್ಲಿ ಒಂದಿಷ್ಟು ಬಿಡುತ್ತಾರೆ, ಇವಳು ವಾರಕ್ಕಿಷ್ಟು ಎಂದು ಅದರ ಫೋಟೋ ಹಾಕಬೇಕು. ಆ ಹುಡುಗಿ ನಮ್ಮ ಮನೆಗೆ ಬಂದು ಮೂರು ಚಪಾತಿ ತಿನ್ನುವಷ್ಟರಲ್ಲಿ ನಾಲ್ಕು ಸಲ ಆ ವಿಷಯ ಹೇಳಿದಳು. ಸಿಗುವ ರಿಯಾಯಿತಿಗಿಂತ 'ನನ್ನನ್ನು ಆರಿಸಿದರು' ಎಂಬುದೇ ಅವಳಿಗೆ ದೊಡ್ಡದು. ನನಗೆ ನಗು ಬಂತು. ಆಮೇಲೆ ನೆನಪಾಯಿತು, ಗಾಂಧಿಬಜಾರಿನ ಜವಳಿ ಅಂಗಡಿಯ ಹೆಸರಿರುವ ಚೀಲವನ್ನು ನಾನು ಹದಿನೈದು ವರ್ಷದಿಂದ ತರಕಾರಿಗೆ ಹಿಡಿದು ತಿರುಗುತ್ತಿದ್ದೇನೆ. ನನಗೆ ಯಾರೂ ರಿಯಾಯಿತಿ ಕೊಟ್ಟಿಲ್ಲ.

ಒಂದು ರಾತ್ರಿ ಅಳಿಯಂದಿರು 'ಎಡ್ಡಿ ದಿ ಈಗಲ್' ಎಂಬ 2016ರ ಸಿನಿಮಾ ಹಾಕಿದರು. ಸಿನಿಮಾದಲ್ಲಿ ಬರುವ ಗುರು ಕಟ್ಟುಕಥೆಯ ಪಾತ್ರವಂತೆ. ಆದರೆ ಎಡ್ಡಿ ಎಡ್ವರ್ಡ್ಸ್ ನಿಜವಾಗಿ ಇದ್ದವನು, ಈಗಲೂ ಇರುವವನು. ಇಂಗ್ಲೆಂಡಿನಲ್ಲಿ ಗೋಡೆಗೆ ಗಾರೆ ಬಳಿಯುವ ಕೆಲಸ. ಮೊದಲು ಇಳಿಜಾರಿನ ಓಟದಲ್ಲಿದ್ದ. ಅದರಲ್ಲಿ ಒಲಿಂಪಿಕ್ಸ್ ತಂಡಕ್ಕೆ ಸೇರಲಾಗದೆ, ತನ್ನ ದೇಶದಲ್ಲಿ ಪೈಪೋಟಿಗೆ ಯಾರೂ ಇಲ್ಲದ ಸ್ಕೀ ಜಿಗಿತಕ್ಕೆ ಬದಲಾಯಿಸಿಕೊಂಡ. ದಪ್ಪ ಗಾಜಿನ ಕನ್ನಡಕ, ಅದು ಚಳಿಗೆ ಮಂಜುಗಟ್ಟಿ ಕಣ್ಣೇ ಕಾಣದು. ಎರವಲು ತಂದ ಬೂಟು ದೊಡ್ಡದೆಂದು ಆರು ಜೊತೆ ಕಾಲುಚೀಲ. ತಂಡಕ್ಕೆ ಆಯ್ಕೆಯಾದ ಸುದ್ದಿ ತಲುಪಿದಾಗ ಫಿನ್‌ಲೆಂಡಿನಲ್ಲಿ, ಹಣವಿಲ್ಲದೆ, ಒಂದು ಮಾನಸಿಕ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದು ತಂಗಿದ್ದ. ರೋಗಿಯಾಗಿ ಅಲ್ಲ, ಅಗ್ಗದ ಬಿಡದಿ ಎಂದು. 1988ರ ಕ್ಯಾಲ್ಗರಿ ಒಲಿಂಪಿಕ್ಸಿನಲ್ಲಿ ಎರಡು ಸ್ಪರ್ಧೆಯಲ್ಲೂ ಕೊನೆಯವನಾದ. ಜನ ಹುಚ್ಚೆದ್ದು ಅವನಿಗೇ ಚಪ್ಪಾಳೆ ತಟ್ಟಿದರು.

ಸಿನಿಮಾ ಚಪ್ಪಾಳೆಗೆ ಮುಗಿಯುತ್ತದೆ. ಆಮೇಲಿನದು ಅಳಿಯಂದಿರು ಹೇಳಿದ್ದು. 1990ರಲ್ಲಿ ಒಲಿಂಪಿಕ್ ಸಮಿತಿ ಇಂಥವರು ಇನ್ನು ಬರದ ಹಾಗೆ ನಿಯಮವನ್ನೇ ಬಿಗಿಮಾಡಿತು. ಅದಕ್ಕೆ ಜನ ಅವನ ಹೆಸರನ್ನೇ ಇಟ್ಟರು. ಮೂರು ಒಲಿಂಪಿಕ್ಸಿಗೆ ಪ್ರಯತ್ನಿಸಿದರೂ ಮತ್ತೆ ಅವನಿಗೆ ಅವಕಾಶ ಸಿಗಲಿಲ್ಲ. ಜಾಹೀರಾತಿನಿಂದ ಬಂದ ಹಣ ಕೈಬಿಟ್ಟು 1992ರಲ್ಲಿ ದಿವಾಳಿಯಾದ. ಮುಂದೆ ಕಾನೂನು ಓದಿ ಪದವಿ ಪಡೆದ.

"ನೋಡಿದೆಯಾ?" ಎಂದೆ ಮಗಳಿಗೆ. ನನ್ನ ಭಾಷಣಕ್ಕೆ ಒಳ್ಳೆಯ ಉದಾಹರಣೆಯೇ ಸಿಕ್ಕಿತೆಂದುಕೊಂಡಿದ್ದೆ. ಅವಳು, "ಅದೇ ಕ್ಯಾಲ್ಗರಿಯಲ್ಲಿ ನಮ್ಮವಳೊಬ್ಬಳು ಇದ್ದಳು, ನಿನಗೆ ಗೊತ್ತಾ?" ಎಂದಳು. ಶೈಲಜಾ ಕುಮಾರ್. ಚಳಿಗಾಲದ ಒಲಿಂಪಿಕ್ಸಿಗೆ ಹೋದ ಭಾರತದ ಮೊದಲ ಮಹಿಳೆ. ಸ್ಲಾಲಮ್ ಓಟದಲ್ಲಿ 28ನೆಯವಳಾಗಿ, ಅಂದರೆ ಮುಗಿಸಿದವರ ಪೈಕಿ ಕೊನೆಯವಳಾಗಿ ಬಂದವಳು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಹೆಸರು ಗೊತ್ತಿರಲಿಲ್ಲ. ಎಡ್ಡಿಯ ಮೇಲೆ ಸಿನಿಮಾ ಬಂತು. "ಗುಲ್ಮಾರ್ಗಿನ ಆರಿಫ್ ಖಾನ್ 2018ರ ಒಲಿಂಪಿಕ್ಸ್ ಅವಕಾಶವನ್ನು ಹಣ ಸಾಲದೆ ಕಳ್ಕೊಂಡ. ಅವನ ಅಪ್ಪನದ್ದು ಅಲ್ಲೇ ಸ್ಕೀ ಸಾಮಾನಿನ ಅಂಗಡಿ. 2022ರಲ್ಲಿ ಬೀಜಿಂಗಿಗೆ ಇಡೀ ದೇಶದಿಂದ ಅವನೊಬ್ಬನೇ ಹೋದದ್ದು. ನಲವತ್ತೈದನೆಯವನಾದ. ಹಿಮವೇ ಬೀಳದ ನಮ್ಮ ಕೊಡಗಿನ ಭವಾನಿ ತೆಕ್ಕಡ ಗುಲ್ಮಾರ್ಗಿಗೆ ಹೋಗಿ ಹಿಮದ ಮೇಲೆ ಓಡಿ ಕರ್ನಾಟಕಕ್ಕೆ ಚಿನ್ನದ ಪದಕ ತಂದಳು" ಎಂದು ಒಂದೇ ಉಸಿರಿಗೆ ಹೇಳಿದಳು. ಖುಷಿಗೆ ಹೋಗುವವಳಿಗೆ ಇಷ್ಟೆಲ್ಲ ಬಾಯಿಪಾಠ ಏಕೆ ಬೇಕು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಮಾರ್ಚಿಯಲ್ಲಿ ಒಂದೇ ಊರುಗೋಲಿಗೆ ಬಂದಳು. ಅವಳು ಬಿದ್ದ ಊರನ್ನೇ ನನಗೆ ತೋರಿಸಬೇಕೆಂದು ಹಟಹಿಡಿದು, ಡೆನ್ವರಿನಿಂದ ಮೂರು ಗಂಟೆ ಕಾರಿನಲ್ಲಿ ಸ್ಟೀಮ್‌ಬೋಟ್ ಸ್ಪ್ರಿಂಗ್ಸಿಗೆ ಕರೆದುಕೊಂಡು ಹೋದರು. ಸಾಗರದಷ್ಟೂ ಇಲ್ಲದ ಊರು. ಆದರೆ ನೂರಕ್ಕೂ ಹೆಚ್ಚು ಮಂದಿ ಒಲಿಂಪಿಕ್ಸಿನವರ ಹೆಸರನ್ನು ಅಲ್ಲಿನ ಜನ ತಮ್ಮವರೆಂದು ಲೆಕ್ಕ ಹೇಳುತ್ತಾರೆ. ಊರ ನಡುವೆಯೇ ಹೊವೆಲ್ಸನ್ ಗುಡ್ಡ. ಕಾರ್ಲ್ ಹೊವೆಲ್ಸನ್ ಎಂಬ ನಾರ್ವೆಯವನು ಬಂದು ಜನಕ್ಕೆ ಜಿಗಿತದ ಹುಚ್ಚು ಹಿಡಿಸಿದ. 1915ರಿಂದ ಆ ಗುಡ್ಡದಲ್ಲಿ ಆಟ ನಿಂತಿಲ್ಲ.

ಸಂಜೆ ಕತ್ತಲಾದ ಮೇಲೆ ಅಲ್ಲಿ ಹೋದೆವು. ದೊಡ್ಡ ದೀಪಗಳ ಬೆಳಕಿನಲ್ಲಿ ಆರೇಳು ವರ್ಷದ ಮಕ್ಕಳು ಸಾಲಾಗಿ ಮೇಲೆ ಹೋಗಿ ಜಾರಿಕೊಂಡು ಬರುತ್ತಿದ್ದವು. ನಮ್ಮಲ್ಲಿ ಟ್ಯೂಷನ್ನಿಗೆ ಹೋಗುವ ಹೊತ್ತು ಅದು. ಒಂದು ಹುಡುಗಿ ದಢಾರನೆ ಬಿದ್ದಳು. ನಾನು ಅಯ್ಯೋ ಎಂದು ಎದ್ದೇ ನಿಂತೆ. ಪಕ್ಕದಲ್ಲಿ ಕೂತಿದ್ದ ತಾಯಿ ಸುಮ್ಮನೆ ಚಹಾ ಕುಡಿಯುತ್ತಿದ್ದಳು. ಹುಡುಗಿ ಎದ್ದು ಹಿಮ ಕೊಡವಿಕೊಂಡು ಮತ್ತೆ ಸಾಲಿಗೆ ಸೇರಿದಳು. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಭಾರತಕ್ಕೆ ಆಡತೊಡಗಿದ ಮೇಲೆ ಅಲ್ಲಿನ ಹುಡುಗರೆಲ್ಲ ಮರದ ತುಂಡು ಹಿಡಿದು ಓಣಿಯಲ್ಲಿ ಸ್ಕ್ವೇರ್ ಕಟ್ ಹೊಡೆದದ್ದನ್ನು ನಮ್ಮ ಅಣ್ಣಂದಿರು ಹೇಳುತ್ತಿದ್ದರು. ಆ ಹುಡುಗರಲ್ಲಿ ಎಷ್ಟು ಮಂದಿ ಕಾರ್ಖಾನೆ ಸೇರಿದರು, ಎಷ್ಟು ಮಂದಿ ಬ್ಯಾಂಕು ಸೇರಿದರು. ಮಾತಿನ ನಡುವೆ ಅಣ್ಣನ ಕೈ ಈಗಲೂ ಒಮ್ಮೊಮ್ಮೆ ಗಾಳಿಯಲ್ಲಿ ಆ ಹೊಡೆತ ಹೊಡೆಯುತ್ತದೆ.

ಹಿಂತಿರುಗುವಾಗ ಮಗಳು ನನ್ನ ಪಕ್ಕ ಹಿಂದಿನ ಸೀಟಿನಲ್ಲಿ ಕಾಲು ನೀಡಿ ಕೂತಿದ್ದಳು. ಕಾರಿನೊಳಗೆ ಕತ್ತಲು. ಮುಖ ಕಾಣದಿದ್ದಾಗ ಹೆಣ್ಣುಮಕ್ಕಳು ನಿಜ ಹೇಳುತ್ತಾರೆ.

"ಅಮ್ಮ, ಅವತ್ತು ಕೇಳಿದೆಯಲ್ಲ. ನಗಬಾರದು."

"ಇಲ್ಲ, ಹೇಳು."

"ಲಿಫ್ಟಿನ ಕುರ್ಚಿಯಲ್ಲಿ ಒಬ್ಬಳೇ ಮೇಲೆ ಹೋಗ್ತಿರುವಾಗ, ಟಿ.ವಿ.ಯಲ್ಲಿ ಹೇಳ್ತಾರಲ್ಲ, ಆ ಧ್ವನಿ ಕೇಳಿಸುತ್ತೆ. ನನ್ನ ಹೆಸರು ಹೇಳಿ, ಭಾರತ ಅಂತ ಹೇಳುತ್ತೆ. ಈಗ ಗೇಟಿನ ಹತ್ತಿರ ನಿಂತಿದ್ದಾರೆ ಅನ್ನುತ್ತೆ. ಆಗೋದಿಲ್ಲ ಅಂತ ನನಗೆ ಗೊತ್ತಮ್ಮ. ಆಗಲಿ ಅಂತಲೂ ಅಲ್ಲ. ಆದರೂ ಪ್ರತಿ ಸಲ ಕೇಳಿಸುತ್ತೆ. ಇವರಿಗೂ ಹೇಳಿಲ್ಲ."

ಮುಂದೆ ಕಾರು ನಡೆಸುತ್ತಿದ್ದ 'ಇವರು' ಕೆಮ್ಮಲಿಲ್ಲ, ತಿರುಗಲಿಲ್ಲ. ಒಳ್ಳೆಯ ಮನುಷ್ಯ.

ನನ್ನ ಬಾಯಿ ಒಣಗಿತು. ಏಕೆಂದರೆ ಆ ಧ್ವನಿ ನನಗೆ ಗೊತ್ತು. 1993ರಲ್ಲಿ, ಮದುವೆಯಾದ ಹೊಸದರಲ್ಲಿ, ಭದ್ರಾವತಿ ಆಕಾಶವಾಣಿಯ ಸುಗಮ ಸಂಗೀತದ ಧ್ವನಿ ಪರೀಕ್ಷೆಗೆ ನಾನು ಅರ್ಜಿ ತರಿಸಿಕೊಂಡಿದ್ದೆ. ಕಾಲೇಜಿನಲ್ಲಿ ಭಾವಗೀತೆಗೆ ಎರಡು ಸಲ ಬಹುಮಾನ ಬಂದಿತ್ತು. ಅರ್ಜಿ ಪೂರ್ತಿ ತುಂಬಿದೆ, ಹಾಡುವ ಹಾಡುಗಳ ಪಟ್ಟಿ ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಯಾರೂ ಬೇಡವೆನ್ನಲಿಲ್ಲ; ಅತ್ತೆಯವರು ಹಾಡು ಎಂದೇ ಹೇಳುತ್ತಿದ್ದರು. ನಾಳೆ ಹಾಕೋಣ, ನಾಡಿದ್ದು ಹಾಕೋಣ ಎಂದು ಇಟ್ಟೆ. ಅಷ್ಟರಲ್ಲಿ ಬಸಿರಿನ ವಾಂತಿ ಶುರುವಾಯಿತು, ಈ ಮಗಳೇ. ಆಮೇಲೆ ಬಿ.ಎಡ್., ಆಮೇಲೆ ನೌಕರಿ. ಅಂಚೆಗೆ ಹಾಕಿದರೆ ಅನುತ್ತೀರ್ಣಳಾಗುವ ಭಯವಿತ್ತು. ಹಾಕದಿದ್ದರೆ ಆ ಭಯವಿಲ್ಲ. ಈಗ ಹಾಗೆ ಅನ್ನಿಸುತ್ತದೆ. ಆದರೆ ಒರಳಿನ ಮುಂದೆ ಕೂತು ದೋಸೆಗೆ ರುಬ್ಬುವಾಗ, ಗುಂಡಿನ ಗರಗರದೊಳಗಿನಿಂದ ಒಂದು ಹೆಂಗಸಿನ ಧ್ವನಿ ಹೇಳುತ್ತಿತ್ತು: ಆಕಾಶವಾಣಿ ಭದ್ರಾವತಿ, ಈಗ ಸುಗಮ ಸಂಗೀತ, ಹಾಡುವವರು ಶ್ರೀಮತಿ ಇಂಥವರು. ನನ್ನ ಹೆಸರು. ಒಮ್ಮೊಮ್ಮೆ ಇನಿಷಿಯಲ್ ಸಮೇತ. ಮಿಕ್ಸಿ ಬಂತು, ಗ್ರೈಂಡರ್ ಬಂತು, ಆ ಧ್ವನಿ ನಿಂತಿಲ್ಲ. ಹೋದ ವಾರವೂ ಕೇಳಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಮಗಳಿಗೆ ಇದನ್ನೆಲ್ಲ ಹೇಳಿದೆನೇ? ಇಲ್ಲ. "ಸ್ಪಷ್ಟವಾಗಿ ಕೇಳಿಸುತ್ತಾ?" ಎಂದಷ್ಟೇ ಕೇಳಿದೆ. "ಹೂಂ" ಎಂದಳು. ನನ್ನ ಶಾಲಿನ ಅರ್ಧವನ್ನು ಅವಳ ಮಂಡಿಯ ಮೇಲೆ ಎಳೆದೆ. ವಿಮಾನದಲ್ಲಿ ಸಿದ್ಧವಾಗಿದ್ದ ಭಾಷಣವನ್ನು ಆಮೇಲೆ ನಾನು ಮಾಡಲೇ ಇಲ್ಲ. ಮಾಡಬೇಕಿತ್ತೋ ಏನೋ. ಮಂಡಿ ಒಂದು ಸಲ ಹರಿದರೆ ಮತ್ತೊಂದು ಸಲ ಹರಿಯುವುದು ಸುಲಭ ಎಂದು ಡಾಕ್ಟರೇ ಹೇಳಿದ್ದರು. ಊರಿಗೆ ಬಂದ ಮೇಲೆ ನಮ್ಮ ಮನೆಯವರು, "ಅಂತೂ ಬಿಡಿಸಿ ಬಂದೆಯಾ?" ಎಂದು ಕೇಳಿದಾಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಅವರು ಎರಡು ದಿನ ಸಿಟ್ಟಿನಲ್ಲಿದ್ದರು.

ಮರುವರ್ಷದ ಚಳಿಗಾಲ ಬಂತು. ಮಂಡಿಗೆ ಕಬ್ಬಿಣದ ಪಟ್ಟಿಯಂಥದ್ದೊಂದನ್ನು ಕಟ್ಟಿಕೊಂಡು ಮೆಲ್ಲಗೆ ಶುರುಮಾಡಿದ್ದಾಳೆಂದು ಅಳಿಯಂದಿರೇ ತಿಳಿಸಿದರು. ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ, ಅವರಿಗೆ ಇನ್ನೂ ಶನಿವಾರ ರಾತ್ರಿ, ಫೋನು ಬಂತು. ನಮ್ಮ ಮನೆಯವರು ಪಕ್ಕದಲ್ಲೇ ಪತ್ರಿಕೆ ಓದುತ್ತಿದ್ದರು.

"ಅಮ್ಮ, ಇವತ್ತು ಗೇಟಿಗೆ ಇಳಿದೆ."

"ಮಂಡಿ ಹೇಗಿದೆ?"

"ಸರಿ ಇದೆ. ಸ್ವಲ್ಪ ಊದಿದೆ, ಅಷ್ಟೇ."

ನಾನು ಫೋನು ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದೆ. ಬಾಗಿಲು ಅರ್ಧ ಹಾಕಿ, ದನಿ ತಗ್ಗಿಸಿ ಕೇಳಿದೆ:

"ಎಷ್ಟು ಬಂತೇ?"